ಆಕೆ ಹೇಳಿದ ಸ್ತೋತ್ರ

ಸಾಗರದ ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು, ಜೋಗದ ನಮ್ಮ ಪಕ್ಕದ ಮನೆಯಾಕೆಗೆ ಗಂಡ ಉಳಿಯಲಿಲ್ಲವೆಂದು ತಿಳಿಸಿದರು. ಆಕೆ ಕಣ್ಣು ಮುಚ್ಚಿ, “ಸ್ತೋತ್ರ ಸ್ವಾಮಿ” ಎಂದರು.

ನಾನು ಬೆಚ್ಚಿಬಿದ್ದೆ. ನಮ್ಮ ಮನೆಯಲ್ಲಿ ಸ್ತೋತ್ರವೆಂದರೆ ಸಂಜೆ ದೀಪದ ಮುಂದೆ ಹೇಳುವ ಶ್ಲೋಕ. ಕ್ರೈಸ್ತರಾದ ಅವರ ಮನೆಯಲ್ಲಿ ಅದು ದೇವರಿಗೆ ಸಲ್ಲಿಸುವ ವಂದನೆ. ಇಂಥ ಹೊತ್ತಿನಲ್ಲಿ ಎಂಥ ವಂದನೆ? ಡಾಕ್ಟರ ಮಾತು ಕೇಳಿಸಲಿಲ್ಲವೇನೋ ಎಂದುಕೊಂಡು, “ಅಕ್ಕಾ, ಅಣ್ಣ ಹೋಗ್ಬಿಟ್ರು” ಎಂದೆ.

“ಕೇಳ್ತು ಮಾರಾಯಾ, ನಂಗೇನು ಕಿವುಡಾ? ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದೆ. ಇವತ್ತು ಬಾಯಿ ಮುಚ್ಕಂಡ್ರೆ ಅಷ್ಟೂ ಸುಳ್ಳಾಗ್ತದೆ.”

ನಂಬಿಕೆಯ ಮಾತು ಕೇಳಿದಾಗೆಲ್ಲ ಅನುಮಾನಿಸಲು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು; ಆ ಚಾಳಿ ಈಗಲೂ ಬಿಟ್ಟಿಲ್ಲ. ಆಕೆಯ ದನಿ ನಡುಗಿರಬೇಕೆಂದು ಮತ್ತೆ ಮತ್ತೆ ನೆನಪನ್ನು ಕೆದಕುತ್ತೇನೆ. ಖಾತ್ರಿಯಿಲ್ಲ. ನನ್ನ ಕೈ ನಡುಗುತ್ತಿತ್ತು, ಆಕೆ ಅದನ್ನು ಹಿಡಿದುಕೊಂಡಿದ್ದರು.