ಮೆನುವಿನಲ್ಲಿ ಇಲ್ಲದ ಸಾಫ್ಟ್‌ವೇರ್

"ಏಳಬೇ, ಡಿಸ್ಕ್ ಪೂರಾ ಅಳಸ್ತೇನಿ!" ಎಂದು ಆಳಂದದ ನಮ್ಮ ಕಂಪ್ಯೂಟರ್ ಕ್ಲಾಸಿನ ಮಾಲೀಕರು ಕೂಗಿದರೂ ಶಾಂತಾ ಕುರ್ಚಿ ಬಿಡಲಿಲ್ಲ. ಅದು ತೊಂಬತ್ತರ ದಶಕದ ಕೊನೆ. ನನ್ನ ಸಹಪಾಠಿಯಾದ ಅವಳು, ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಿಂದ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರನ್ನು ಕ್ಲಾಸಿನ ಲಿನಕ್ಸ್ ಕಂಪ್ಯೂಟರಿಗೆ ತಾನೇ ಹಾಕಿದ್ದಳು. ಮೆನುವಿನಲ್ಲಿ ಅದರ ಹೆಸರು ಕಾಣಲಿಲ್ಲ. ಹಾಗಾಗಿ ಅವಳು ಯಂತ್ರ ಕೆಡಿಸಿದ್ದಾಳೆಂದೇ ಮಾಲೀಕರು ತೀರ್ಮಾನಿಸಿದ್ದರು. ಡಿಸ್ಕ್ ಅಳಿಸಿದರೆ ನಾವೆಲ್ಲ ಅದರಲ್ಲಿ ಬರೆದಿಟ್ಟ ಪ್ರೋಗ್ರಾಂಗಳೂ ಹೋಗುತ್ತಿದ್ದವು.

"ಬಾಗಿಲಿಗೆ ಹೆಸರಿನ ಹಲಗಿ ಇಲ್ಲಂದ್ರ ಮನ್ಯಾಗ ಮಂದಿ ಇರಂಗಿಲ್ಲೇನ್ರಿ, ಸರ್? ಮೊದಲ ನೋಡ್ರಿ, ಆಮ್ಯಾಲ ಅಳಸ್ರಿ," ಎಂದಳು ಶಾಂತಾ.

ಮಾಲೀಕರ ಕೈ ಯಂತ್ರದ ಸ್ವಿಚ್ಚಿನ ಮೇಲಿತ್ತು. ಅವಳು ಆದೇಶಗಳನ್ನು ಟೈಪಿಸುವ ಟರ್ಮಿನಲ್ ತೆರೆದು, ಸಾಫ್ಟ್‌ವೇರ್ ಇದ್ದ ಫೋಲ್ಡರಿನ ಪೂರ್ತಿ ವಿಳಾಸವನ್ನೂ ಕೊನೆಗೆ ಅದರ ಹೆಸರನ್ನೂ ಒಂದೊಂದೇ ಅಕ್ಷರವಾಗಿ ಟೈಪಿಸಿ ಎಂಟರ್ ಒತ್ತಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆಯ ತುಂಬ ಸಾಫ್ಟ್‌ವೇರ್ ತೆರೆದುಕೊಂಡಿತು.

"ಆತು, ಬಂದ್ ಮಾಡು," ಎಂದರು ಮಾಲೀಕರು, ಕೈ ತೆಗೆಯುತ್ತ. ಅವಳು ಮಾಡಲಿಲ್ಲ. ಅದರ ಹೆಸರನ್ನು ಮೆನುವಿಗೆ ಸೇರಿಸಿಯೇ ಎದ್ದಳು.

ಅಂದಿನಿಂದ ಯಾರಾದರೂ ಯಾವುದನ್ನಾದರೂ 'ಇಲ್ಲ' ಎಂದರೆ, ಎಲ್ಲಿ ನೋಡಿದಿರಿ ಎಂದು ಕೇಳುತ್ತೇನೆ. ಕೇಳಲು ಈಗಲೂ ಅಂಜಿಕೆಯಾಗುತ್ತದೆ, ಆದರೂ ಕೇಳುತ್ತೇನೆ.