ಹಾಡಿನ ಗಂಟು ಯಾರದು?

ಹೆತ್ತೂರಿನ ಪುಟ್ಟಮ್ಮಜ್ಜಿ ಹೇಳುವ ಗದ್ದೆ ನಾಟಿಯ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಹೋಗಿದ್ದೆ. "ಎಂಪಿ3 ಮಾಡ್ತೀನಜ್ಜಿ. ಹಾಡನ್ನ ಚಿಕ್ಕದಾಗಿ ಮಡಚಿ ಗಂಟು ಕಟ್ಟಿಡೋ ವಿಧಾನ. ಆ ವಿಧಾನದ ಹಕ್ಕು ಮಾತ್ರ ಪರದೇಶದ ಕಂಪನಿಯೋರ್ದು" ಎಂದು ಜಾಣತನ ತೋರಿಸಿದೆ.

ಅಜ್ಜಿ ಎಲೆಅಡಿಕೆ ಉಗಿದು ಬಂದರು. "ಹಾಡು ನಮ್ದು, ಗಂಟು ಅವರ್ದಾ? ನಾವು ಬಿತ್ತನೆ ಭತ್ತನೇ ಕೇಳಿದೋರಿಗೆಲ್ಲ ಕೊಡ್ತೀವಿ ಕಣಪ್ಪ. ಹಂಗೆ ಕೊಡೋರು ಯಾರೂ ಇಲ್ವಾ?"

ಇದ್ದರು. ಯಾರು ಬೇಕಾದರೂ ಬಳಸಬಹುದಾದ 'ಆಗ್ ವಾರ್ಬಿಸ್' ವಿಧಾನದಲ್ಲಿ ಸಿ.ಡಿ. ಮಾಡಿ, ಮುಂದಿನ ವಾರ ಹೆಮ್ಮೆಯಿಂದ ಒಯ್ದೆ. ಅವರ ಮನೆಯ ಪ್ಲೇಯರಿಗೆ ಎಂಪಿ3 ಬಿಟ್ಟು ಬೇರೆ ವಿಧಾನ ಬರುತ್ತಲೇ ಇರಲಿಲ್ಲ. ನನ್ನ ಮುಖ ಸಪ್ಪಗಾಯಿತು.

ಅಜ್ಜಿ ನಕ್ಕರು. "ಆ ಪೆಟ್ಟಿಗೆ ಕಲಿಯೋ ತಂಕ ನೀನೇ ಕಲ್ತ್ಕೊಂಬುಡು. ಕೂತ್ಕೋ."

ಮೂರು ಹಾಡು ಕಲಿತೆ. ಶ್ರುತಿ ಮಾತ್ರ ಪೂರ್ತಿ ನನ್ನದೇ. ಅದರ ಹಕ್ಕನ್ನು ಇವತ್ತಿಗೂ ಯಾರೂ ಕೇಳಿಲ್ಲ.