ಅರವತ್ತಮೂರು ಕತ್ತಿಗಳ ಮೂಗರ್ಜಿ

ಕೋವಿಡ್ ಕಳೆದ ಮರುವರ್ಷ ನಾನು ಬ್ರಹ್ಮಾವರ–ಕುಂದಾಪುರ ಹೆದ್ದಾರಿ ಬದಿಯ ಒಂದು ಠಾಣೆಯಲ್ಲಿ ಎ.ಎಸ್.ಐ. ಆಗಿದ್ದೆ, ಅಂದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಮೂಗರ್ಜಿಗಳ ವಿಚಾರಣೆ ನನ್ನ ಪಾಲಿಗಿತ್ತು. ಹೆಸರು, ಸಹಿ ಇಲ್ಲದೆ ಬರುವ ದೂರನ್ನು ಮೂಗರ್ಜಿ ಎನ್ನುತ್ತೇವೆ. ಹೆಚ್ಚಿನವು ಬೇಲಿ ಜಗಳದಿಂದ ಹುಟ್ಟಿದವು. ನಾಲ್ಕು ಮನೆ ತಿರುಗಿ, ‘ಹುರುಳಿಲ್ಲ’ ಎಂದು ಬರೆದು ಫೈಲ್ ಮುಚ್ಚುವಂಥವು.

ಆ ಮಳೆಗಾಲದಲ್ಲಿ ಬಂದ ಒಂದು ಅರ್ಜಿ ಹಾಗಿರಲಿಲ್ಲ. ‘ಹಂಗಾರಕಟ್ಟೆಯ ಭಾಸ್ಕರ ಎಂಬವರ ಮನೆಯಲ್ಲಿ ಅರವತ್ತಮೂರು ಹರಿತವಾದ ಕತ್ತಿಗಳಿವೆ. ಹೊರದೇಶದಿಂದ ಪಾರ್ಸೆಲ್‌ನಲ್ಲಿ ಬರುತ್ತವೆ. ದಯವಿಟ್ಟು ಬೇಗ ಬಂದು ವಶಪಡಿಸಿಕೊಳ್ಳಬೇಕು.’ ಇಷ್ಟೇ. ಬೈಗುಳವಿಲ್ಲ, ಹಳೆಯ ದ್ವೇಷದ ವಾಸನೆಯಿಲ್ಲ.

ಭಾಸ್ಕರ ದೋಣಿ ಕಟ್ಟುವ ಯಾರ್ಡ್ ಒಂದರಲ್ಲಿ ಎಂಜಿನ್ ಮೆಕ್ಯಾನಿಕ್. ಐವತ್ತರ ಆಸುಪಾಸು. ಅವರ ಮೇಲೆ ಒಂದು ಸಣ್ಣ ಕೇಸೂ ಇರಲಿಲ್ಲ. ಆದರೂ ನನ್ನ ತಲೆ ಹಣದ ಕಡೆಗೇ ಓಡಿತು. ಮೆಕ್ಯಾನಿಕ್ ಒಬ್ಬನಿಗೆ ವಿದೇಶದಿಂದ ಮಾಲು ತರಿಸುವಷ್ಟು ದುಡ್ಡು ಎಲ್ಲಿಂದ? ದೋಣಿಗಳ ಟ್ಯಾಂಕಿನಿಂದ ಡೀಸೆಲ್ ಕದ್ದು ಮಾರುತ್ತಿರಬಹುದೇ ಎಂಬ ಅನುಮಾನ ಬಂತು.

ಮೊದಲು ಪಕ್ಕದ ಮನೆಯ ಚಂದ್ರಣ್ಣನನ್ನು ಮಾತಾಡಿಸಿದೆ. ಎರಡು ಮನೆಗಳ ನಡುವೆ ಕಾಲುದಾರಿಯ ತಕರಾರು ಇದೆ ಎಂದು ಬೀಟ್ ಪೊಲೀಸರು ಹೇಳಿದ್ದರು.

“ಪಾರ್ಸೆಲ್ ಬತ್ತ್ ಸಾರ್. ಅದ್ರೊಳ್ಗ್ ಎಂತ ಇತ್ತ್ ಅಂದೇಳಿ ನಾ ಕೇಂಬುಕ್ ಹೋಯ್ಲಿಲ್ಲ,” ಎಂದರು ಚಂದ್ರಣ್ಣ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅರ್ಜಿ ಬರೆದವರು ಇವರೇ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಒಬ್ಬ ಕಾನ್‌ಸ್ಟೆಬಲ್ ಜತೆ ಭಾಸ್ಕರರ ಮನೆಗೆ ಹೋದೆ. ಅವರು ಊಟಕ್ಕೆ ಬಂದಿದ್ದರು. ಹೆಂಡತಿ ಸರೋಜ ಕೋಟದ ಕಡೆ ಮೀನು ಮಾರಿ ಆಗಷ್ಟೇ ಬಂದು ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದರು. ಬಂದ ಕಾರಣ ಹೇಳಿದೆ.

“ಕತ್ತಿಯಾ? ನಮ್ಮನಿಯಗ್ ಇಪ್ಪುದ್ ಮೀನ್ ಕೊಯ್ಯು ಕತ್ತಿ, ಮತ್ತೆ ಇವ್ರ್ ಗಡ್ಡ ತೆಗು ಕತ್ತಿ,” ಎಂದರು ಸರೋಜ.

ಗಡ್ಡದ ಕತ್ತಿ ಎಷ್ಟಿವೆ ಎಂದೆ. ಇಪ್ಪತ್ತೋ ಇಪ್ಪತ್ತೈದೋ ಇರಬಹುದು, ಒಂದಕ್ಕೆ ಮುನ್ನೂರೋ ನಾನೂರೋ ರೂಪಾಯಿ ಅಂತೆ, ಎಂದರು.

ಭಾಸ್ಕರ ಕಪಾಟು ತೆರೆದರು. ಹಿಂದೆಲ್ಲ ಕ್ಷೌರದಂಗಡಿಗಳಲ್ಲಿ ಕಾಣುತ್ತಿದ್ದ ಮಡಚುವ ಕತ್ತಿಗಳು, ಸಾಲಾಗಿ. ಕೊಂಬಿನ ಹಿಡಿಯವು, ಮರದ ಹಿಡಿಯವು, ಅಲಗಿನ ಮೇಲೆ ಬಂಗಾರದ ಬಣ್ಣದ ಅಕ್ಷರ ಕೊರೆದವು. ಎಣಿಸಿದಾಗ ನಲವತ್ತೊಂದು. ಅರ್ಜಿ ಬರೆದವರು ಲೆಕ್ಕ ಏರಿಸಿದ್ದಾರೆ ಎಂದುಕೊಂಡು ಏಳಲು ಹೊರಟೆ. ಆಗ ಭಾಸ್ಕರ ತಾವಾಗಿಯೇ ಮಂಚದ ಅಡಿಯಿಂದ ಎಂಜಿನ್ ಟೂಲ್ಸ್ ಪೆಟ್ಟಿಗೆ ಎಳೆದು ಬೀಗ ತೆಗೆದರು.

“ಇದನ್ನೂ ಎಣ್ಸಿ ಸಾರ್.”

ಅದರಲ್ಲಿ ಇಪ್ಪತ್ತೆರಡು ಇದ್ದವು. ಸರೋಜ ಬಾಗಿಲಲ್ಲಿ ನಿಂತು ಪೆಟ್ಟಿಗೆಯನ್ನೂ ಗಂಡನನ್ನೂ ನೋಡಿದರು. ಆಮೇಲೆ, ಅರ್ಜಿ ಬರೆದದ್ದು ಯಾರೆಂದು ನನ್ನನ್ನು ಕೇಳಿದರು. ಹೇಳಬಾರದ ಮಾತೊಂದನ್ನು ನಾನು ಹೇಳಿದೆ: “ಹತ್ತಿರದವರೇ ಇರಬೇಕು.” ಹೇಳುವಾಗ ನನ್ನ ಕಣ್ಣು ಪಕ್ಕದ ಮನೆಯ ಕಡೆ ಹೋಗಿರಬೇಕು. ಅವರು ನೇರ ಅಂಗಳಕ್ಕಿಳಿದರು.

“ಹ್ವಾಯ್ ಚಂದ್ರಣ್ಣ, ದಾರಿ ಬೇಕಾರೆ ನಮ್ಮತ್ರ ಕೇಣಿ. ಪೊಲೀಸ್ರನ್ನ ಎಂತಕ್ ಕಳ್ಸುದ್?”

ಜಗಲಿಯಲ್ಲಿದ್ದ ಚಂದ್ರಣ್ಣ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಪ್ಪು ಮಾಡಿದವರೇ ಹೀಗೆ ಬಾಗಿಲು ಹಾಕಿಕೊಳ್ಳುವುದು ಎಂದು ನಾನು ಅಂದುಕೊಂಡೆ.

ಒಳಗೆ ಭಾಸ್ಕರರಿಗೆ ಕಾನೂನು ವಿವರಿಸಿದೆ. ಇವುಗಳ ಅಲಗು ಮೂರು ಇಂಚು, ಅದೂ ಮನೆಬಳಕೆಯ ಸಾಮಾನು. ಲೈಸೆನ್ಸ್ ಬೇಕಾಗುವ ಆಯುಧ ಅಲ್ಲ. ವಶಪಡಿಸಿಕೊಳ್ಳಲು ನನಗೆ ಅಧಿಕಾರವಿಲ್ಲ, ಹೆದರಬೇಡಿ ಎಂದೆ. ಇಂಥ ಮಾತು ಕೇಳಿದವರು ಸಮಾಧಾನದ ಉಸಿರು ಬಿಡುತ್ತಾರೆ. ಇವರು ಮಂಚದ ಮೇಲೆ ಕುಸಿದು ಕೂತರು.

“ಒಂದೂ ತಕಂಡ್ ಹೋಪುಕ್ ಆತಿಲ್ಯಾ ಸಾರ್?”

ನನ್ನ ಸರ್ವಿಸ್‌ನಲ್ಲಿ ತನ್ನ ವಸ್ತುವನ್ನು ಜಪ್ತಿ ಮಾಡಿ ಎಂದು ಕೇಳಿದವರು ಇವರೊಬ್ಬರೇ. ಆಗ ತಲೆಗೆ ಹೊಳೆಯಿತು. ನಲವತ್ತೊಂದು ಮತ್ತು ಇಪ್ಪತ್ತೆರಡು, ಸರಿಯಾಗಿ ಅರವತ್ತಮೂರು. ಹೆಂಡತಿಗೇ ಗೊತ್ತಿಲ್ಲದ ಪೆಟ್ಟಿಗೆಯ ಲೆಕ್ಕ ಚಂದ್ರಣ್ಣನಿಗೆ ಹೇಗೆ ಗೊತ್ತಾಗಬೇಕು?

ಕಾನ್‌ಸ್ಟೆಬಲ್‌ನನ್ನು ಜೀಪಿಗೆ ಕಳಿಸಿ ಭಾಸ್ಕರರನ್ನು ಹೊಳೆಬದಿಗೆ ಕರೆದುಕೊಂಡು ಹೋದೆ. “ಅರ್ಜಿ ಬರೆದದ್ದು ನೀವೇ ಅಲ್ಲವೇ?” ಎಂದೆ. ಅವರು ಹೌದೆಂದು ತಲೆಯಾಡಿಸಿ ಮೊದಲಿನಿಂದ ಹೇಳತೊಡಗಿದರು.

ಶುರುವಾದದ್ದು ಲಾಕ್‌ಡೌನ್‌ನಲ್ಲಿ. ಸೆಲೂನ್‌ಗಳು ಮುಚ್ಚಿದ್ದವು. ಒಂದು ಹಳೆಯ ಕತ್ತಿಯನ್ನು ಸಾವಿರದ ಐನೂರಕ್ಕೆ ತರಿಸಿದರು. ಇದೊಂದಿದ್ದರೆ ಜೀವಮಾನವಿಡೀ ಬ್ಲೇಡಿನ ಖರ್ಚಿಲ್ಲ ಎಂಬ ಉಳಿತಾಯದ ಲೆಕ್ಕ. ಅದಕ್ಕೆ ಹರಿತ ಬರಬೇಕಾದರೆ ಸಾಣೆಕಲ್ಲು ಬೇಕು. ಜಪಾನಿನ ಒಂದು ಕಲ್ಲಿಗೆ ಇಪ್ಪತ್ತೆರಡು ಸಾವಿರ. ದಿನಾ ತೀಡಲು ಚರ್ಮದ ಪಟ್ಟಿ, ಮೇಲೆ ಕಸ್ಟಮ್ಸ್ ಸುಂಕ. ಆಮೇಲೆ ಬೇರೆ ನಮೂನೆಯ ಅಲಗು ನೋಡುವ ಆಸೆ, ಆನ್‌ಲೈನ್ ಹರಾಜು. ಎಲ್ಲಕ್ಕಿಂತ ದುಬಾರಿಯದಕ್ಕೆ ನಲವತ್ತಾರು ಸಾವಿರ ಕೊಟ್ಟಿದ್ದರು. ಗಡ್ಡ ತೆಗೆಯುತ್ತಿದ್ದದ್ದು ಮೂರರಲ್ಲಿ ಮಾತ್ರ. ಒಟ್ಟು ಒಂಬತ್ತು ಲಕ್ಷ ದಾಟಿತ್ತು.

ಅದು ಗೂಡ್ಸ್ ಆಟೋ ಒಂದಕ್ಕೆಂದು ಇಬ್ಬರೂ ಕೂಡಿಟ್ಟ ದುಡ್ಡು. ಬಸ್ಸಿನವರು ಮೀನಬುಟ್ಟಿ ಹತ್ತಿಸಿಕೊಳ್ಳದೆ ಸರೋಜ ಎಷ್ಟೋ ದಿನ ಬುಟ್ಟಿ ಹೊತ್ತು ನಡೆದಿದ್ದರು. ಆಟೋ ಯಾವಾಗ ಎಂದು ಕೇಳಿದಾಗಲೆಲ್ಲ, ಯಾರ್ಡಿನ ಯಜಮಾನರು ಸಂಬಳ ಬಾಕಿ ಇಟ್ಟಿದ್ದಾರೆ ಎಂದು ಭಾಸ್ಕರ ಸುಳ್ಳು ಹೇಳುತ್ತಿದ್ದರು.

“ಬಿಡುಕೂ ಆತಿಲ್ಲ, ಹೇಳುಕೂ ಆತಿಲ್ಲ. ನೀವ್ ಆಯುಧ ಅಂದೇಳಿ ತಕಂಡ್ ಹೋರೆ ಅಲ್ಲಿಗ್ ಮುಗಿತ್ತ್ ಅಂದ್ಕಂಡೆ,” ಎಂದರು.

ನಾನು ಅದನ್ನೂ ಹಾಗೇ ನಂಬಲಿಲ್ಲ. ಯಾರ್ಡಿನ ಯಜಮಾನರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸಂಬಳ ಪ್ರತಿ ಶನಿವಾರ ಪೂರ್ತಿ ಸಂದಾಯವಾಗಿತ್ತು, ಡೀಸೆಲ್ ಒಂದು ಲೀಟರೂ ಕಡಿಮೆಯಾಗಿರಲಿಲ್ಲ. ದುಡ್ಡು ಅವರದೇ. ನನ್ನ ಅನುಮಾನಗಳಲ್ಲಿ ಒಂದೂ ಉಳಿಯಲಿಲ್ಲ.

ಮನೆಗೆ ವಾಪಸ್ ಬಂದು ಅವರಿಂದಲೇ ಹೇಳಿಸಿದೆ. ಸರೋಜ ನಿಂತಲ್ಲೇ ಪೂರ್ತಿ ಕೇಳಿದರು.

“ಪೊಲೀಸ್ರಿಗ್ ಕಾಗ್ದ ಬರಿಯುಕ್ ಧೈರ್ಯ ಬಂತ್. ನಂಗ್ ಬಾಯಲ್ ಹೇಳುಕ್ ಬರ್ಲಿಲ್ಯಾ?”

ಉತ್ತರಕ್ಕೆ ಕಾಯದೆ ಸರೋಜ ಬೇಲಿ ದಾಟಿ ಚಂದ್ರಣ್ಣನ ಬಾಗಿಲು ತಟ್ಟಿದರು. ನಾವೂ ಹಿಂದೆ ಹೋದೆವು. ತಪ್ಪು ತಿಳಿದುಕೊಂಡೆ ಎಂದರು ಸರೋಜ. ಚಂದ್ರಣ್ಣ ಒಂದೇ ಪ್ರಶ್ನೆ ಕೇಳಿದರು.

“ನಾನೇ ಬರ್ದದ್ ಅಂದೇಳಿ ನಿಮ್ಗ್ ಹೇಳ್ದ್ ಯಾರ್?”

ಸರೋಜ ನನ್ನ ಕಡೆ ನೋಡಿದರು. ಸಮವಸ್ತ್ರದಲ್ಲಿ ನಿಂತು, ಅವರೆಲ್ಲರ ಮುಂದೆ, ತಪ್ಪು ನನ್ನದು ಎಂದೆ.

ಕತ್ತಿಗಳ ಮಾರಾಟವನ್ನು ಸರೋಜ ತಮ್ಮ ಕೈಗೇ ತೆಗೆದುಕೊಂಡರು. ಏಳು ತಿಂಗಳಲ್ಲಿ ಒಂದೊಂದಾಗಿ ಮಾರಿ, ಹಾಕಿದ ದುಡ್ಡಿನ ಅರ್ಧದಷ್ಟು ಬಂತು. ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಆಟೋ ಆಯಿತು. ಚಂದ್ರಣ್ಣ ಮಾತ್ರ ಆ ಮನೆಯವರ ಜತೆ ಮಾತಾಡಲು ಒಂದು ವರ್ಷ ತೆಗೆದುಕೊಂಡರು ಎಂದು ಕೇಳಿದೆ.

ಆ ಫೈಲಿನಲ್ಲೂ ‘ಹುರುಳಿಲ್ಲ’ ಎಂದೇ ಬರೆಯಬೇಕಾಯಿತು. ಕಾನೂನಿನಲ್ಲಿ ಬೇರೆ ಪದವಿರಲಿಲ್ಲ. ಮೂಗರ್ಜಿ ಕೈಗೆ ಬಂದರೆ ದ್ವೇಷ ಯಾರಿಗಿದೆ ಎಂದು ಮೊದಲು ಹುಡುಕುವುದು ನಮ್ಮ ವೃತ್ತಿಯ ಅಭ್ಯಾಸ. ಉಳಿದ ಹದಿನಾಲ್ಕು ತಿಂಗಳು ನಾನು ಅಂಥ ಕಾಗದವನ್ನು ಎರಡೆರಡು ಸಲ ಓದಿದೆ, ಬರೆದವರು ಏನನ್ನು ಬೇಡುತ್ತಿದ್ದಾರೆ ಎಂದು ತಿಳಿಯಲು. ಅನುಮಾನ ಪೊಲೀಸನಿಗೆ ಬೇಕು. ಅದನ್ನು ಇನ್ನೊಬ್ಬರ ಅಂಗಳದಲ್ಲಿ ಬಾಯಿಬಿಟ್ಟು ಆಡಿದರೆ, ಜೀಪು ವಾಪಸಾದ ಮೇಲೂ ಅದು ಅಲ್ಲೇ ಉಳಿಯುತ್ತದೆ.